ನೂರು ವ್ಯಾಟಿನ ಕರುಣೆ

ಹಾವು ಸಾಕಿದವರ ಮನೆಗೆ ಹೋದರೆ ನಾನು ಮೊದಲು ನೋಡುವುದು ಹಾವನ್ನಲ್ಲ, ಸ್ವಿಚ್ ಬೋರ್ಡನ್ನು. ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ, ಬಲ್ಬು ಎಲ್ಲಿ ತೂಗಿದೆ, ಅದನ್ನು ಆರಿಸುವ ಕೆಲಸ ಮನೆಯಲ್ಲಿ ಯಾರ ಪಾಲಿಗೆ ಬಂದಿದೆ, ಇಷ್ಟು ತಿಳಿದರೆ ಸಾಕು, ಆ ಜೀವ ಸುಖದಲ್ಲಿದೆಯೋ ಸಂಕಟದಲ್ಲಿದೆಯೋ ಹೇಳಬಹುದು. ಹಾವಿನ ಮುಖ ನೋಡಿ ಹೇಳುವಂತಿಲ್ಲ. ನಾಯಿಯಾದರೆ ಕುಂಯ್‌ಗುಡುತ್ತದೆ. ಬೆಕ್ಕಾದರೆ ಒಲೆಯ ಮುಂದಿನಿಂದ ಎದ್ದು ಹೋಗುತ್ತದೆ. ಹಾವು ಬುಸ್ಸೆನ್ನಬಲ್ಲದು, ಅದೂ ನಮ್ಮ ಅಂಜಿಕೆಗೆ. ಹೊಟ್ಟೆ ಸುಡುತ್ತಿದೆ ಎಂದು ಹೇಳಿಕೊಳ್ಳಲು ಅದಕ್ಕೆ ದನಿಯಿಲ್ಲ, ಮುಚ್ಚಿ ತೆರೆಯಲು ರೆಪ್ಪೆಯೂ ಇಲ್ಲ.

ಸೇಡಂ ತಾಲ್ಲೂಕಿನ ಕೋಡ್ಲಾದಲ್ಲಿ ಕೂತುಕೊಂಡು ಸಾಕುಹಾವಿನ ಕಾವಿನ ವಿಚಾರ ಬರೆಯುವ ಉಸಾಬರಿ ಈ ಬಾಯಾರಿಗೆ ಯಾಕೆ ಎಂದು ನೀವು ನಗಬಹುದು. ನಮ್ಮ ಕಡೆ ಹಾವನ್ನು ಹೊಡೆಯುವುದು ಗೊತ್ತು, ಹಾವಿಗೆ ಕೈಮುಗಿಯುವುದು ಗೊತ್ತು, ಸಾಕುವುದು ಮಾತ್ರ ಹೊಸದು. ಆದರೆ ಹೊಸದು ಬರುವುದು ಬೆಂಗಳೂರಿಗೆ ಮಾತ್ರ ಎಂದು ತಿಳಿಯಬೇಡಿ. ಓದಲು, ನೌಕರಿಗೆ ಎಂದು ಹೋದ ನಮ್ಮ ಮಕ್ಕಳು ಹಬ್ಬಕ್ಕೆ ಊರಿಗೆ ಬರುವಾಗ ಅದನ್ನೂ ತರುತ್ತಾರೆ. ಹಿಂದೆ ಮೀನಿನ ತೊಟ್ಟಿ ತಂದರು, ಆಮೇಲೆ ದೊಡ್ಡ ಕೂದಲಿನ ನಾಯಿ ತಂದರು. ಈಗ ಕೆಲವರು ಬಾಲ್ ಪೈಥಾನ್ ಎಂಬ ಆಫ್ರಿಕಾದ ಸಣ್ಣ ಹೆಬ್ಬಾವನ್ನು ಗಾಜಿನ ಪೆಟ್ಟಿಗೆಯಲ್ಲಿ ತಂದು ಪಡಸಾಲೆಯಲ್ಲಿ ಇಡುತ್ತಿದ್ದಾರೆ. ಮೂರ್ನಾಲ್ಕು ಅಡಿಯ, ವಿಷವಿಲ್ಲದ, ಅಂಜಿದರೆ ಚೆಂಡಿನ ಹಾಗೆ ಮುದುಡಿಕೊಳ್ಳುವ ಬಡ ಪ್ರಾಣಿ ಅದು.

ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ನಮ್ಮ ನೆಲದ ಹಾವುಗಳಾದ ನಾಗರ, ಕೇರೆ, ಹೆಬ್ಬಾವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಪರದೇಶದ ಹಾವಿನ ಮಾತು ಬೇರೆ. ಅಂಥವನ್ನು ಸಾಕುವವರು ಸ್ವಇಚ್ಛೆಯಿಂದ ತಿಳಿಸಲಿ ಎಂದು ಕೇಂದ್ರ ಸರ್ಕಾರ 2020ರಲ್ಲಿ ಹೇಳಿತು. 2024ರಲ್ಲಿ ನಿಯಮವನ್ನೇ ಮಾಡಿ, ಬಾಲ್ ಪೈಥಾನ್‌ನಂಥ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಪರಿವೇಶ್ ಎಂಬ ಸರ್ಕಾರಿ ತಾಣದಲ್ಲಿ ನೋಂದಾಯಿಸಲೇಬೇಕು ಎಂದು ಕಟ್ಟುಮಾಡಿತು. ಕಾಗದ ಇಲ್ಲದವರು ಮೊದಲು ಕಾಗದ ಮಾಡಿಸಿಕೊಳ್ಳಲಿ. ಆದರೆ ಕಾಗದ ಇದ್ದ ಮಾತ್ರಕ್ಕೆ ಹಾವು ಸುಡುವುದು ತಪ್ಪುವುದಿಲ್ಲ, ನನ್ನ ಜಗಳ ಇರುವುದು ಅಲ್ಲಿ.

ನಾನು ಬಿ.ಎ., ಬಿ.ಎಡ್. ಮಾಡಿದವಳು. ಕನ್ನಡ, ಸಮಾಜ ನನ್ನ ವಿಷಯ. ವಿಜ್ಞಾನದ ಮಾಸ್ತರರು ರಜೆ ಹಾಕಿದ ದಿನ ಅವರ ತರಗತಿಗೂ ಹೋಗುತ್ತೇನೆ. ಅಲ್ಲಿ ‘ಶೀತರಕ್ತ ಪ್ರಾಣಿ’ ಎಂಬ ಶಬ್ದ ಬಂದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಮಕ್ಕಳು ಅದನ್ನು ಓದಿ ಹಾವಿನ ರಕ್ತ ಐಸಿನಂತೆ ತಣ್ಣಗಿರುತ್ತದೆ, ಅದಕ್ಕೆ ತಂಪೇ ಇಷ್ಟ ಎಂದು ಬರೆಯುತ್ತಾರೆ. ನಿಜ ಸಂಗತಿ ಹಾಗಿಲ್ಲ. ನಮ್ಮ ಮೈಯೊಳಗೆ ಒಲೆ ಇದೆ. ಉಂಡ ರೊಟ್ಟಿಯೇ ಅದರ ಕಟ್ಟಿಗೆ. ಹೊರಗೆ ಚಳಿಯಿರಲಿ ಬಿಸಿಲಿರಲಿ, ನಮ್ಮ ಮೈ 37 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಹಾವಿನ ಮೈಯಲ್ಲಿ ಆ ಒಲೆ ಇಲ್ಲ. ಅದು ಕೂತ ಜಾಗದ ಕಾವೇ ಅದರ ಮೈಯ ಕಾವು. ಉಂಡದ್ದು ಅರಗಬೇಕಾದರೂ ಹೊರಗಿನ ಬಿಸಿ ಬೇಕು. ಬಿಸಿ ಸಾಲದಿದ್ದರೆ ನುಂಗಿದ ಇಲಿ ಹೊಟ್ಟೆಯಲ್ಲೇ ಕೊಳೆತು ವಾಂತಿಯಾಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ. ಬಿಸಿ ಹೆಚ್ಚಾದರೆ ಅದಕ್ಕೆ ಬೆವರಿಲ್ಲ, ಬೀಸಣಿಕೆಯಿಲ್ಲ. ಉಳಿಯುವ ದಾರಿ ಒಂದೇ, ಅಲ್ಲಿಂದ ಎದ್ದು ಬೇರೆ ಕಡೆ ಹೋಗುವುದು.

ಇದನ್ನು ನಾನು ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. ನಮ್ಮೂರ ಸುತ್ತ ಸುಣ್ಣಕಲ್ಲಿನ ನೆಲ. ಸೇಡಂ, ಚಿತ್ತಾಪುರ, ಶಹಾಬಾದ ಕಡೆ ಎಲ್ಲಿ ನೋಡಿದರೂ ಸೀಳಿದ ಕಲ್ಲು ಒಟ್ಟಿದ ರಾಶಿ. ಕಲ್ಲು ಕೆಲಸಕ್ಕೆ ಹೋಗುವ ಹೆಂಗಸರನ್ನು ಕೇಳಿ, ಹೇಳುತ್ತಾರೆ. ಚಳಿಗಾಲದ ಬೆಳಿಗ್ಗೆ ಬಿಸಿಲು ಬಿದ್ದ ಕಲ್ಲಿನ ಮೇಲೆ ಹಾವು ಮೈ ಚಾಚಿ ಬಿದ್ದಿರುತ್ತದೆ, ಹೊತ್ತು ಏರಿತು ಎನ್ನುವಾಗ ಅರ್ಧ ಮೈ ಸಂದಿಯೊಳಗೆ, ಮಧ್ಯಾಹ್ನಕ್ಕೆ ಪೂರ್ತಿ ಒಳಗೆ. ಬೇಸಿಗೆಯಲ್ಲಿ ಹಗಲು ಕಾಣಲಿಕ್ಕೇ ಇಲ್ಲ, ಸಂಜೆ ಕಲ್ಲು ಆರಿದ ಮೇಲೆ ಹೊರಗೆ. ಆರು ಅಡಿ ಜಾಗದೊಳಗೆ ಅತ್ತಿತ್ತ ಸರಿಯುತ್ತ ಅದು ತನ್ನ ಮೈಯನ್ನು ಸರಿಯಾದ ಕಾವಿನಲ್ಲಿ ಇಟ್ಟುಕೊಳ್ಳುತ್ತದೆ. ಯಾವ ಡಾಕ್ಟರೂ ಬೇಡ, ಯಾವ ಮಿಷನ್ನೂ ಬೇಡ. ಆ ಆರು ಅಡಿಯ ಸ್ವಾತಂತ್ರ್ಯವೇ ಹಾವಿನ ಆರೋಗ್ಯ.

ಪೆಟ್ಟಿಗೆಯಲ್ಲಿ ಇಟ್ಟ ದಿನ ನಾವು ಅದನ್ನು ಕಸಿದುಕೊಂಡೆವು. ಹಾಗಾಗಿ ಪೆಟ್ಟಿಗೆಗೆ ಬಿಸಿ ಕೊಟ್ಟೆ ಎಂದು ಹೇಳಿಕೊಳ್ಳುವುದು ದೊಡ್ಡ ಮಾತಲ್ಲ. ಬಿಸಿಯ ಪಕ್ಕದಲ್ಲೇ ತಂಪು ಕೊಟ್ಟೆಯಾ, ಬಿಸಿಗೆ ಲಗಾಮು ಹಾಕಿದೆಯಾ, ಎಂದು ಕೇಳಬೇಕು. ಹಾವು ಸಾಕುವ ಹತ್ತು ಜನರಲ್ಲಿ ಎಷ್ಟು ಜನ ಇದಕ್ಕೆ ಹೌದು ಎನ್ನುತ್ತಾರೋ ನೋಡಿ.

ನನ್ನ ತಂಗಿಯ ಮನೆ ಕಲಬುರಗಿಯಲ್ಲಿ. ಅವಳ ಮಗ ಬೆಂಗಳೂರಿನ ಕಂಪನಿಯಲ್ಲಿ ಕೆಲಸದಲ್ಲಿದ್ದು, 2021ರಲ್ಲಿ ಕೊರೊನಾ ಕಾಲಕ್ಕೆ ಮನೆಯಿಂದಲೇ ಕೆಲಸ ಎಂದು ಬಂದಾಗ ಜೊತೆಗೆ ಈ ಹಾವಿನ ಪೆಟ್ಟಿಗೆಯೂ ಬಂತು. ಒಂದೂವರೆ ವರ್ಷಕ್ಕೆ ಅವನನ್ನು ಕಂಪನಿ ವಾಪಸು ಕರೆಯಿತು. ಹಾವನ್ನು ಯಾರೂ ಕರೆಯಲಿಲ್ಲ. ಬೆಂಗಳೂರಿನ ಬಾಡಿಗೆ ಮನೆಯ ಮಾಲೀಕರು ಒಪ್ಪುವುದಿಲ್ಲವಂತೆ. ಹೋಗುವಾಗ ತಾಯಿಗೆ ಹೇಳಿದ್ದು ಎರಡೇ ಮಾತು: ನೀರಿನ ಬಟ್ಟಲು ಖಾಲಿ ಆಗಬಾರದು, ಬಲ್ಬು ಆರಬಾರದು. ಹಾವು ಮಾರಿದ ಅಂಗಡಿಯವನು ಅವನಿಗೆ ಹೇಳಿಕೊಟ್ಟಿದ್ದೂ ಅಷ್ಟೇ. ಪೆಟ್ಟಿಗೆಯ ಮೂಲೆಯಲ್ಲಿ ಒಂದು ಹೋಲ್ಡರ್, ಅದಕ್ಕೆ 100 ವ್ಯಾಟಿನ ಹಳದಿ ಬಲ್ಬು, ಮುಗಿಯಿತು ವ್ಯವಸ್ಥೆ.

ಮಾರ್ಚ್ ತಿಂಗಳ ಕೊನೆಯಲ್ಲಿ ತಂಗಿಯ ಫೋನು. “ಅಕ್ಕಾ, ಅದು ಮೂರು ದಿನ ಆಯ್ತು ನೀರಿನ ಬಟ್ಟಲದಾಗೇ ಕುಂತದ. ಮೈ ಮ್ಯಾಲ ಏನೋ ಕಂದಗ ಆಗ್ಯದ. ನನಗ ಮಗ್ಗಲ ಹೋಗ್ಲಿಕ್ಕೂ ಅಂಜಿಕಿ.” ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಹೋದೆ. ಬೆನ್ನಿನ ಮೇಲೆ ಅಂಗೈಯಗಲ ಚಿಪ್ಪುಗಳು ಸುಟ್ಟು ಕಂದಾಗಿ ಒಂದೆರಡು ಕಡೆ ನೀರು ತುಂಬಿಕೊಂಡಿದ್ದವು. ಚಳಿಯ ರಾತ್ರಿಗಳಲ್ಲಿ ಅದು ಬಲ್ಬಿಗೇ ಸುತ್ತಿಕೊಂಡು ಮಲಗಿರಬೇಕು, ಬಲ್ಬಿಗೆ ಜಾಳಿಗೆಯ ಮರೆಯಿರಲಿಲ್ಲ. ಈಗ ಬಿಸಿಲು ಬಂತು. ಹೊರಗೆ 40 ದಾಟುವ ಹೊತ್ತಿಗೆ ಒಳಗೆ ಆ ಬಲ್ಬು ಹಗಲು ರಾತ್ರಿ ಉರಿಯುತ್ತಲೇ ಇತ್ತು. “ಆರಿಸಬ್ಯಾಡ ಅಂತ ಹೇಳ್ಯಾನಲ್ಲ ಅಕ್ಕಾ” ಎಂದಳು ತಂಗಿ. ನಾನು ಮೊದಲು ಪ್ಲಗ್ಗು ಕಿತ್ತೆ, ಆಮೇಲೆ ಮಗನಿಗೆ ಫೋನು ಮಾಡಿದೆ.

“ದೊಡ್ಡವ್ವಾ, ಅದು ಆಫ್ರಿಕಾದ ಹಾವು. ಎಷ್ಟು ಬಿಸಿಲಿದ್ರೂ ತಡೀತದ” ಎಂದ. ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ನಮ್ಮ ಕಲಬುರಗಿಯವರೂ ಬಿಸಿಲನಾಡಿನವರೇ. ಹಾಗೆಂದು ಮೇ ತಿಂಗಳ ಮಧ್ಯಾಹ್ನ ಬಾಗಿಲು ಹಾಕಿದ ಕಾರಿನಲ್ಲಿ ನಮ್ಮನ್ನು ಕೂಡಿಹಾಕಿದರೆ ತಡೆಯುತ್ತೇವೆಯೆ? ಘಾನಾ, ಟೋಗೊ, ಬೆನಿನ್ ಕಡೆಯ ಈ ಹಾವು ಅಲ್ಲಿ ಬಿಸಿಲಲ್ಲಿ ಬಿದ್ದುಕೊಂಡಿರುವುದಿಲ್ಲ. ಇಲಿಯ ಬಿಲ, ಗೆದ್ದಲಿನ ಹುತ್ತ ಇವೇ ಅದರ ಮನೆ. ಹಗಲು ನೆಲದೊಳಗಿನ ತಂಪಿನಲ್ಲಿದ್ದು, ರಾತ್ರಿ ಹೊರಬೀಳುವ ಪ್ರಾಣಿ. ಅದನ್ನು ಹಗಲು ರಾತ್ರಿ ಕಣ್ಣು ಕುಕ್ಕುವ ಬೆಳಕಿನಡಿ ಇಟ್ಟು, ಆಫ್ರಿಕಾದ್ದು ತಡೆಯುತ್ತದೆ ಎಂದರೆ ಏನು ಹೇಳಬೇಕು?

ಈಗ ನೀವು ಕೇಳಬಹುದು, ಹಾಗಾದರೆ ನಮ್ಮೂರಲ್ಲಿ ಕಾವೇ ಬೇಡವಲ್ಲ ಎಂದು. ಬೇಕು. ನಮ್ಮ ಬಿಸಿಲಿನ ಖ್ಯಾತಿ ಇಲ್ಲಿ ದಾರಿ ತಪ್ಪಿಸುತ್ತದೆ. ಡಿಸೆಂಬರ್, ಜನವರಿಯ ರಾತ್ರಿ 15 ಡಿಗ್ರಿಗೆ ಇಳಿಯುವುದು ನಮ್ಮಲ್ಲಿ ಸಾಮಾನ್ಯ, ಕೆಲವು ರಾತ್ರಿ ಇನ್ನೂ ಕೆಳಗೆ. ಕಲ್ಲು ಹಾಸಿದ ಪಡಸಾಲೆಯ ಮೇಲೆ ಕಾಲಿಡಲಾಗುವುದಿಲ್ಲ. ಬಾಲ್ ಪೈಥಾನಿಗೆ ರಾತ್ರಿಯೂ 23-24ರ ಕೆಳಗೆ ಇಳಿಯಬಾರದು. ಹಗಲಲ್ಲಿ ಪೆಟ್ಟಿಗೆಯ ಒಂದು ತುದಿ 31-32 ಡಿಗ್ರಿ, ಇನ್ನೊಂದು ತುದಿ 25-26. ಇದು ಲೆಕ್ಕ. ಎರಡೂ ತುದಿಗೆ ಒಂದೊಂದು ಅಡಗುವ ಗೂಡು ಬೇಕು. ಒಂದೇ ಗೂಡಿಟ್ಟರೆ ಅಂಜುಬುರುಕ ಹಾವು ಸುಟ್ಟರೂ ಅಲ್ಲೇ ಇರುತ್ತದೆ, ಚಳಿಯಾದರೂ ಅಲ್ಲೇ ಇರುತ್ತದೆ, ಮರೆಯನ್ನು ಬಿಟ್ಟು ಹೊರಡುವುದಿಲ್ಲ.

ಕಾವು ಕೊಡಲು ಇವತ್ತು ಹೀಟ್ ಮ್ಯಾಟ್ ಎಂಬ ತೆಳ್ಳನೆಯ ಚಾಪೆ ಸಿಗುತ್ತದೆ. ಅದನ್ನು ಪೆಟ್ಟಿಗೆಯ ಒಳಗಲ್ಲ, ಹೊರಗೆ, ತಳದ ಅಡಿ ಅಥವಾ ಒಂದು ಪಕ್ಕಕ್ಕೆ ಹಾಕಬೇಕು, ಅದೂ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜಾಗಕ್ಕೆ ಬೇಡ. ಉಳಿದ ಎರಡು ಪಾಲು ಹಾವಿನ ಸ್ವಾತಂತ್ರ್ಯ. ತಳದ ಅಡಿ ಹಾಕಿದರೆ ಪೆಟ್ಟಿಗೆಯನ್ನು ಸಣ್ಣ ಕಾಲುಗಳ ಮೇಲೆ ಎತ್ತಿಡಬೇಕು, ಇಲ್ಲದಿದ್ದರೆ ಕಾವು ಹೊರಹೋಗದೆ ಗಾಜು ಬಿರಿಯುತ್ತದೆ. ಬಲ್ಬೇ ಬೇಕು ಎನ್ನುವವರು ಅದಕ್ಕೆ ಹಾವು ಮುಟ್ಟಲಾಗದ ತಂತಿಯ ಜಾಳಿಗೆ ಹಾಕಲಿ, ರಾತ್ರಿ ಬೆಳಕು ಬೇಡ. ಬೆಳಕಿಲ್ಲದೆ ಬರೀ ಕಾವು ಕೊಡುವ ಪಿಂಗಾಣಿ ಬಲ್ಬುಗಳಿವೆ, ಅವಕ್ಕೆ ಹೋಲ್ಡರೂ ಪಿಂಗಾಣಿಯದ್ದೇ ಇರಬೇಕು. ಪ್ಲಾಸ್ಟಿಕ್ ಹೋಲ್ಡರು ಕರಗಿ ತೊಟ್ಟಿಕ್ಕುತ್ತದೆ, ಅಡಿಗೆ ಹಾಸಿದ ಮರದ ಹೊಟ್ಟಿಗೆ ಬೆಂಕಿ ಹತ್ತುತ್ತದೆ. ಬಿಸಿಯಾಗುವ ನಕಲಿ ಬಂಡೆ ಎಂದು ಒಂದು ಮಾರುತ್ತಾರೆ, ಅದನ್ನಂತೂ ಮನೆಯೊಳಗೆ ಸೇರಿಸಬೇಡಿ. ಹಾವಿನ ಹೊಟ್ಟೆಗೆ ತಾಪದ ಅರಿವು ನಿಧಾನ. ಸುಡುವ ಬಂಡೆಯ ಮೇಲೇ ಸುಖವೆಂದು ಮಲಗಿ ಬೊಬ್ಬೆ ಎಬ್ಬಿಸಿಕೊಳ್ಳುತ್ತದೆ.

ಯಾವುದನ್ನೇ ಹಾಕಿ, ಥರ್ಮೋಸ್ಟ್ಯಾಟ್ ಇಲ್ಲದೆ ಹಾಕಬೇಡಿ. ಇಲ್ಲಿ ನಾನು ಕಟ್ಟುನಿಟ್ಟು, ರಾಜಿಯಿಲ್ಲ. ಹೆಸರು ಕೇಳಿ ಹೆದರುವುದೂ ಬೇಡ, ನಿಮ್ಮ ಇಸ್ತ್ರಿ ಪೆಟ್ಟಿಗೆಯಲ್ಲಿ ಇರುವುದೂ ಅದೇ. ಕೆಂಪು ದೀಪ ಹತ್ತಿ ಆರುತ್ತದಲ್ಲ, ಕಾವು ಹೇಳಿದಷ್ಟಕ್ಕೆ ಬಂದಾಗ ತಾನೇ ನಿಂತು, ಇಳಿದಾಗ ತಾನೇ ಶುರುವಾಗುತ್ತದಲ್ಲ, ಅದೇ ಕೆಲಸ. ಅದಿಲ್ಲದ ಇಸ್ತ್ರಿ ಪೆಟ್ಟಿಗೆಯನ್ನು ನಿಮ್ಮ ರೇಷ್ಮೆ ಸೀರೆಯ ಮೇಲೆ ಇಡುತ್ತೀರಾ? ಸೀರೆಗೆ ಇರುವ ಬೆಲೆ ಜೀವಕ್ಕೆ ಬೇಡವೆ? ಅದರ ಮುಳ್ಳಿನಂಥ ತುದಿಯನ್ನು ಚಾಪೆಗೂ ಪೆಟ್ಟಿಗೆಗೂ ನಡುವೆ ಭದ್ರವಾಗಿ ಅಂಟಿಸಬೇಕು. ಅದು ಸರಿದು ಹೊರಗೆ ಬಿದ್ದರೆ ಪೆಟ್ಟಿಗೆ ತಣ್ಣಗಿದೆ ಎಂದು ತಿಳಿದು ಕಾವನ್ನು ಏರಿಸುತ್ತಲೇ ಹೋಗುತ್ತದೆ. ಅದನ್ನೊಂದನ್ನೇ ನಂಬದೆ ಎರಡು ತುದಿಗೂ ಒಂದೊಂದು ಥರ್ಮಾಮೀಟರ್ ಇಡಿ.

ಕೈಯಿಟ್ಟು ನೋಡಿದರೆ ತಿಳಿಯುವುದಿಲ್ಲವೆ ಎಂದು ನನ್ನ ತಂಗಿ ಕೇಳಿದಳು. ಮಗುವಿನ ಸ್ನಾನದ ನೀರು ನೋಡಿದ ಕೈ ನಮ್ಮದು, ಹೆಮ್ಮೆ ಇದ್ದದ್ದೇ. ಇಲ್ಲಿ ಆ ಕೈ ಮೋಸಮಾಡುತ್ತದೆ. ನಾವು ಮುಟ್ಟುವುದು ಒಂದು ಗಳಿಗೆ, ಹಾವು ಮಲಗುವುದು ಗಂಟೆಗಟ್ಟಲೆ. ಸಕ್ಕರೆ ಕಾಯಿಲೆಯ ಮುದುಕಿಯರು ಬಿಸಿನೀರಿನ ಚೀಲವನ್ನು ಪಾದಕ್ಕೆ ಇಟ್ಟುಕೊಂಡು ಮಲಗಿ, ಬೆಳಿಗ್ಗೆ ಎದ್ದರೆ ಹಿಮ್ಮಡಿಯಲ್ಲಿ ಬೊಬ್ಬೆ ಬಂದಿರುತ್ತದಲ್ಲ? ಚೀಲ ತುಂಬಿದವಳ ಕೈಗೆ ಅದು ಹಿತವಾಗಿಯೇ ಇತ್ತು.

ಕೋಳಿ ಮರಿಗೆ ಬುಟ್ಟಿಯಲ್ಲಿ ಬಲ್ಬು ಹಾಕಿ ಬೆಳೆಸಿದವರು ನಮ್ಮೂರಲ್ಲಿ ಬಹಳ ಜನ ಇದ್ದಾರೆ. ಅವರಿಗೆ ಈ ವಿದ್ಯೆ ಅರ್ಧ ಗೊತ್ತು. ಮರಿಗಳು ಬಲ್ಬಿನಡಿ ಒಂದರ ಮೇಲೊಂದು ಬಿದ್ದರೆ ಚಳಿ, ಬುಟ್ಟಿಯ ಅಂಚಿಗೆ ಓಡಿ ಬಾಯಿ ತೆರೆದರೆ ಸೆಕೆ. ಹಾವನ್ನೂ ಹಾಗೇ ಓದಬೇಕು. ಯಾವಾಗ ನೋಡಿದರೂ ಬಿಸಿ ತುದಿಗೇ ಅಂಟಿಕೊಂಡಿದ್ದರೆ ಕಾವು ಸಾಲುತ್ತಿಲ್ಲ. ತಣ್ಣನೆಯ ಮೂಲೆ ಬಿಡದಿದ್ದರೆ, ನೀರಿನ ಬಟ್ಟಲಿನಲ್ಲೇ ಮುದುಡಿ ಕೂತರೆ, ಮುಚ್ಚಳಕ್ಕೆ ಮೂತಿ ಉಜ್ಜುತ್ತಿದ್ದರೆ, ಸುಡುತ್ತಿದೆಯೋ ನೋಡಿ. ಎರಡೂ ಕಡೆ ಹೋಗಿ ಬರುತ್ತಿದ್ದರೆ ಚೆನ್ನಾಗಿದೆ. ಪೊರೆ ಒಂದೇ ಚೀಲದಂತೆ ಬಿಡದೆ ಚೂರು ಚೂರಾಗಿ ಅಂಟಿಕೊಂಡರೆ ಗಾಳಿ ಒಣಗಿದೆ ಎಂದು ಅರ್ಥ. ಕಾವು ಕೊಡುವ ವಸ್ತುವೆಲ್ಲ ಗಾಳಿಯ ತೇವವನ್ನು ಹೀರುತ್ತದೆ, ಹಾಗಾಗಿ ದೊಡ್ಡ ಬಟ್ಟಲಲ್ಲಿ ನೀರು ಬೇಕೇ ಬೇಕು.

ಇಷ್ಟೆಲ್ಲ ಬೆಂಗಳೂರಿಗೂ ಒಪ್ಪುತ್ತದೆ. ನಮ್ಮ ಕಡೆಗೆ ಮಾತ್ರ ಒಪ್ಪುವ ಮಾತು ಒಂದಿದೆ, ಅದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. ಥರ್ಮೋಸ್ಟ್ಯಾಟ್ ಬಿಸಿಯನ್ನು ನಿಲ್ಲಿಸಬಲ್ಲದು, ತಂಪನ್ನು ತರಲಾರದು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 42-43 ಇದ್ದು, ತಾರಸಿ ಕಾದು, ಕೋಣೆಯೇ 37-38 ಆದಾಗ ಅದು ಪಾಪ ಏನು ಮಾಡೀತು? ಹಾವಿಗೆ 40ರ ಹತ್ತಿರ ಹೋದರೆ ಜೀವಕ್ಕೇ ಅಪಾಯ. ನಮ್ಮಲ್ಲಿ ಹಾವು ಸಾಕುವವರಿಗೆ ನಿಜವಾದ ಪರೀಕ್ಷೆ ಬೇಸಿಗೆಯದ್ದೇ, ಚಳಿಗಾಲದ್ದಲ್ಲ. ಮೇಲಂತಸ್ತಿನ ಕೋಣೆ ಬೇಡ, ಪಡುವಣ ಗೋಡೆ ಬೇಡ, ಕಿಟಕಿಯ ಬಿಸಿಲಂತೂ ಬೇಡವೇ ಬೇಡ, ಗಾಜಿನ ಪೆಟ್ಟಿಗೆಗೆ ಬಿಸಿಲು ಬಿದ್ದರೆ ಅರ್ಧ ಗಂಟೆಯಲ್ಲಿ ಅದು ಒಲೆ. ಕೆಳಗಿನ ಮನೆಯ ನಡುಕೋಣೆಯಲ್ಲಿ, ನಮ್ಮ ಶಹಾಬಾದ್ ಕಲ್ಲು ಹಾಸಿದ ನೆಲಕ್ಕೆ ಹತ್ತಿರವಾಗಿ ಇಡಿ. ಆ ಕಲ್ಲಿನ ತಂಪನ್ನು ನಮ್ಮ ಅಜ್ಜಿಯಂದಿರು ಮಧ್ಯಾಹ್ನ ಸೆರಗು ಹಾಸಿ ಮಲಗಿ ಅನುಭವಿಸಿದವರು. ಕೋಣೆಗೆ ಕೂಲರ್ ಹಾಕಿ, ಗಾಳಿ ನೇರ ಪೆಟ್ಟಿಗೆಗೆ ಬಡಿಯದಿರಲಿ. ತಂಗಿಗೆ ನಾನು ಕ್ಯಾಲೆಂಡರಿನಲ್ಲೇ ಬರೆದುಕೊಟ್ಟೆ. ಶಿವರಾತ್ರಿ ಕಳೆಯಿತೋ, ಕೋಣೆಯ ಥರ್ಮಾಮೀಟರ್ ನೋಡಿ ಹೀಟರ್ ಬಂದ್. ದೀಪಾವಳಿ ಬಂತೋ, ಮತ್ತೆ ಥರ್ಮಾಮೀಟರ್ ನೋಡಿ ಚಾಲೂ.

ಕರೆಂಟು ಹೋದರೆ ಎಂಬ ಚಿಂತೆ ಎಲ್ಲರಿಗೂ ಇದೆ. ಚಳಿಗಾಲದಲ್ಲಿ ಎರಡು ಮೂರು ಗಂಟೆ ಹೋದರೆ ಹಾವೇನೂ ಸಾಯುವುದಿಲ್ಲ. ಪೆಟ್ಟಿಗೆಯ ಸುತ್ತ ಕೌದಿ ಹೊದಿಸಿ, ಗಾಳಿಯ ತೂತುಗಳನ್ನು ಬಿಟ್ಟು. ಸೊನ್ನೆಯಿಂದ ಮೇಣದಬತ್ತಿ, ಸೀಮೆಎಣ್ಣೆ ದೀಪ, ಕೆಂಡದ ತಟ್ಟೆ ಇಡುವ ಜಾಣತನ ಮಾತ್ರ ಬೇಡ. ಚಳಿಯನ್ನು ಹಾವು ಒಂದು ರಾತ್ರಿ ತಡೆಯುತ್ತದೆ, ಸುಡುವುದನ್ನು ಒಂದು ಗಂಟೆ ತಡೆಯುವುದಿಲ್ಲ. ಪ್ಲಗ್ಗು ಮೂರು ಪಿನ್ನಿನದ್ದಿರಲಿ, ಅರ್ಥಿಂಗ್ ಇರಲಿ. ನೀರಿನ ಬಟ್ಟಲು ಇರುವ ಕಡೆ ವೈರು ಹಾಯಬಾರದು. ಟಿವಿ, ಮಿಕ್ಸಿ, ಫ್ರಿಜ್ಜಿನ ಜೊತೆ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿದ ಹೀಟರು ಹಾವಿಗೆ ಮಾತ್ರವಲ್ಲ, ಮಲಗಿದ ಮನೆಮಂದಿಗೂ ಯಮ.

ಇನ್ನು ನಾನು ಹೇಳಬೇಕೆಂದು ಕೂತ ಮಾತು. ಮಗ ಇಷ್ಟಪಟ್ಟು ತಂದ ಹಾವನ್ನು ನೋಡಿಕೊಳ್ಳುವವರು ಯಾರು? ನೀವೇ ಹೇಳಿ. ಗೆಳೆಯರಿಗೆ ತೋರಿಸಿ ಫೋಟೋ ತೆಗೆಸಿಕೊಳ್ಳುವವನು ಅವನು, ನೀರು ಬದಲಾಯಿಸುವವಳು ತಾಯಿ. ಬೆಳಿಗ್ಗೆ ಐದಕ್ಕೆ ಎದ್ದು ಬಲ್ಬು ನೋಡುವವಳು ತಾಯಿ. (ಇಲಿಯ ವ್ಯವಸ್ಥೆ ಬೇರೆ ಪುರಾಣ. ಈರುಳ್ಳಿ ಹೆಚ್ಚಿದ ಚಾಕುವಿನಲ್ಲಿ ಹಣ್ಣು ಹೆಚ್ಚದ ನನ್ನ ತಂಗಿಯ ಮನೆಯಲ್ಲಿ ಅದು ಹೇಗೆ ನಡೆಯಿತು ಎಂದು ಇಲ್ಲಿ ಬಿಚ್ಚುವುದಿಲ್ಲ.) ಆದರೂ ಹೀಟರ್ ವಿಚಾರ ಬಂದರೆ, “ಅವ್ವಾ, ನಿನಗ ಅದೆಲ್ಲ ತಿಳಿಯಂಗಿಲ್ಲ, ನೀ ಮುಟ್ಟಬ್ಯಾಡ” ಎನ್ನುತ್ತಾರೆ. ಮೂವತ್ತು ವರ್ಷ ಒಲೆಯ ಉರಿಯನ್ನು ಹೆಚ್ಚು ಕಡಿಮೆ ಮಾಡುತ್ತ ರೊಟ್ಟಿ ಸುಡದಂತೆ ಬೇಯಿಸಿದವಳಿಗೆ ಕಾವಿನ ವಿಚಾರ ತಿಳಿಯುವುದಿಲ್ಲವಂತೆ! ತಿಳಿಯದಿರುವುದು ಯಾರಿಗೆ? ಉರಿಸಿಟ್ಟು ಬೆಂಗಳೂರಿಗೆ ಹೋದವನಿಗೆ.

ಜವಾಬ್ದಾರಿ ನಮ್ಮ ತಲೆಗೆ ಬರುವುದಾದರೆ ಅಧಿಕಾರವೂ ಬರಲಿ. ಪೆಟ್ಟಿಗೆ ಮನೆಗೆ ಬರುವ ಮುಂಚೆ ಥರ್ಮೋಸ್ಟ್ಯಾಟ್ ಬರಲಿ, ಮಗ ಎದುರಿಗೆ ಕೂತು ಒಂದು ವಾರ ಎರಡು ಹೊತ್ತು ಥರ್ಮಾಮೀಟರ್ ಓದಿ ಬರೆದು ತೋರಿಸಲಿ. ಬರೆಯದಿದ್ದರೆ ಹಾವು ಬಂದ ದಾರಿಯಲ್ಲೇ ಅಂಗಡಿಗೆ ಹೋಗಲಿ. ಹೀಗೆ ಹೇಳಿದರೆ ಮಗ ಸಿಟ್ಟಾಗುತ್ತಾನೆ ಎಂದು ಅಂಜಬೇಡಿ. ನನ್ನ ತಂಗಿಯ ಮಗ ಸಿಟ್ಟಾದ. ನಾಲ್ಕು ದಿನ ಫೋನು ಮಾಡಲಿಲ್ಲ. ಐದನೇ ದಿನ ಕೊರಿಯರಿನಲ್ಲಿ ಥರ್ಮೋಸ್ಟ್ಯಾಟ್ ಬಂತು. ಸುಟ್ಟ ಗಾಯಕ್ಕೆ ಕಲಬುರಗಿಯ ಪಶುವೈದ್ಯರೊಬ್ಬರು ತಿಳಿದವರನ್ನು ಫೋನಿನಲ್ಲಿ ಕೇಳಿ ಮುಲಾಮು ಕೊಟ್ಟರು, ಪುಣ್ಯಾತ್ಮರು ಫೀಸೂ ತೆಗೆದುಕೊಳ್ಳಲಿಲ್ಲ. ಮೂರು ಸಲ ಪೊರೆ ಬಿಟ್ಟ ಮೇಲೆ ಗಾಯ ಮಾಸಿತು, ಕಲೆ ಇದೆ.

ಸಾಕುವುದೇ ತಪ್ಪು ಎಂದು ಹೇಳಿಬಿಡಿ, ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. ನನ್ನನ್ನು ಕೇಳಿದರೆ ಕೊಳ್ಳಬೇಡಿ ಎಂದೇ ಹೇಳುತ್ತೇನೆ. ನೀವು ಕೊಂಡಷ್ಟೂ ತರುವವರು ಹೆಚ್ಚುತ್ತಾರೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ 2023ರ ಆಗಸ್ಟಿನಲ್ಲಿ ಬ್ಯಾಂಕಾಕಿನಿಂದ ಬಂದ ಪೆಟ್ಟಿಗೆಗಳಲ್ಲಿ ಹೆಬ್ಬಾವುಗಳೂ ಸೇರಿ 234 ಜೀವಗಳು ಸಿಕ್ಕವು, ಅದರಲ್ಲಿದ್ದ ಕಾಂಗರೂ ಮರಿ ಉಸಿರುಗಟ್ಟಿ ಸತ್ತಿತ್ತು. 2024ರ ಏಪ್ರಿಲಿನಲ್ಲಿ ಇನ್ನೊಬ್ಬ ಪ್ರಯಾಣಿಕನ ಸಾಮಾನಿನಲ್ಲಿ 10 ಹಳದಿ ಅನಕೊಂಡ. ಆದರೆ ಈಗಾಗಲೇ ಪೆಟ್ಟಿಗೆಯಲ್ಲಿರುವ ಹಾವಿಗೆ ನನ್ನ ಉಪದೇಶದಿಂದ ಏನು ಪ್ರಯೋಜನ? ಅದನ್ನು ತೊಗರಿ ಹೊಲಕ್ಕೆ ಬಿಟ್ಟು ಬರುವಂತಿಲ್ಲ. ಇಲ್ಲಿನ ಚಳಿಗೆ ಅದು ಸತ್ತೀತು, ಬದುಕಿದರೆ ತನ್ನ ರೋಗವನ್ನು ನಮ್ಮ ಹಾವುಗಳಿಗೆ ಅಂಟಿಸೀತು. ಆಯುಷ್ಯವೂ ಕಡಿಮೆಯದ್ದಲ್ಲ. ಚೆನ್ನಾಗಿ ನೋಡಿಕೊಂಡರೆ 20-30 ವರ್ಷ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದ ಒಂದು ಬಾಲ್ ಪೈಥಾನ್ 62 ದಾಟಿದ ಮೇಲೆ, 2020ರಲ್ಲಿ ಮೊಟ್ಟೆ ಇಟ್ಟಿತು. ನಾನು ನಿವೃತ್ತಿಯಾಗುವ ವಯಸ್ಸನ್ನೂ ಮೀರಿದ ಬಾಣಂತಿ! ಕಾಲೇಜು ಹುಡುಗ ತಂದ ಹಾವು ಅವನ ಮದುವೆ, ಮಕ್ಕಳು, ವರ್ಗಾವಣೆ ಎಲ್ಲ ಕಂಡು, ಕೊನೆಗೆ ಅವನ ತಾಯಿಯ ಪಡಸಾಲೆಯಲ್ಲೇ ಉಳಿಯುತ್ತದೆ ಎಂದು ಲೆಕ್ಕ ಹಾಕಿಯೇ ಕೊಳ್ಳಬೇಕು.

ನಮ್ಮ ಭಕ್ತಿಯನ್ನೂ ಒಂದು ಮಾತು ಕೇಳಿಬಿಡುತ್ತೇನೆ. ಪಂಚಮಿಗೆ ತವರಿಗೆ ಬಂದು, ಜೋಕಾಲಿ ಆಡಿ, ಉಂಡಿ ತಿಂದು, ಕಲ್ಲಿನ ನಾಗಪ್ಪನಿಗೆ ಹಾಲೆರೆಯುವ ನಾವು ಪಕ್ಕದಲ್ಲಿ ಹಾವಾಡಿಗನ ಬುಟ್ಟಿ ಬಿಸಿಲಲ್ಲಿ ಇದ್ದದ್ದನ್ನು ಎಷ್ಟು ವರ್ಷ ನೋಡಿಲ್ಲ? ಹಲ್ಲು ಕಿತ್ತು, ದಿನಗಟ್ಟಲೆ ನೀರು ಕೊಡದೆ ಒಣಗಿಸಿದ ಹಾವು ಬಾಯಾರಿ ಹಾಲಿಗೆ ಬಾಯಿಟ್ಟರೆ, ಪ್ರಸಾದ ಸ್ವೀಕರಿಸಿತು ಎಂದು ಕೈಮುಗಿದೆವು. ಕಲ್ಲಿನ ಹಾವನ್ನೂ ಜೀವದ ಹಾವನ್ನೂ ಎದುರುಬದುರು ನಿಲ್ಲಿಸಿ ಬಸವಣ್ಣನವರು 12ನೇ ಶತಮಾನದಲ್ಲೇ ನಮ್ಮನ್ನು ಕೇಳಿದ ಪ್ರಶ್ನೆ ಶಾಲೆಯ ಮಕ್ಕಳಿಗೆಲ್ಲ ಬಾಯಿಪಾಠ. ಬೆನಿನ್ ದೇಶದ ವಿದಾ ಎಂಬ ಊರಿನಲ್ಲಿ ಇದೇ ಬಾಲ್ ಪೈಥಾನುಗಳಿಗೆ ಒಂದು ಗುಡಿಯಿದೆ. ಜನ ಅವನ್ನು ದೇವರೆಂದು ಕೊರಳಿಗೆ ಹಾಕಿಕೊಳ್ಳುತ್ತಾರೆ. ಅದೇ ದೇಶದಿಂದ ಅದೇ ಹಾವುಗಳು ಪೆಟ್ಟಿಗೆ ತುಂಬಿ ಮಾರಾಟಕ್ಕೆ ಹೊರಡುತ್ತವೆ. ಭಕ್ತಿಗೂ ಮಾರಾಟಕ್ಕೂ ಜಗಳವಿಲ್ಲದಿರುವುದು ನಮ್ಮಲ್ಲಿ ಮಾತ್ರ ಅಲ್ಲ ಎಂದು ತಿಳಿದು ನನಗೇನೂ ಸಮಾಧಾನವಾಗಲಿಲ್ಲ.

ಮಾರುವವರಿಗೆ ನಾನು ಕೇಳುವುದು ಇಷ್ಟು. ಗ್ಯಾಸ್ ಒಲೆ ಮಾರುವವನು ರೆಗ್ಯುಲೇಟರ್ ಇಲ್ಲದೆ ಸಿಲಿಂಡರಿಗೆ ಜೋಡಿಸಿಕೊಡುವುದಿಲ್ಲ. ಹಾವು ಮಾರುವವನು ಥರ್ಮೋಸ್ಟ್ಯಾಟ್ ಇಲ್ಲದೆ ಹೀಟರು ಮಾರುವುದು ಹೇಗೆ? ಹಾವಿನ ಬೆಲೆಯ ಮುಂದೆ ಅದರ ಬೆಲೆ ಎಷ್ಟರದು? ಬೇಸಿಗೆಯಲ್ಲಿ ಏನು ಮಾಡಬೇಕು ಎಂದು ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ಪೆಟ್ಟಿಗೆಯ ಜೊತೆ ಕೊಟ್ಟರೆ ಗಂಟೇನು ಹೋಗುತ್ತದೆ? ಆ ಹಾಳೆಯನ್ನು ಮಗನಿಗಲ್ಲ, ತಾಯಿಯ ಕೈಗೆ ಕೊಡಲಿ. ಕಲಬುರಗಿ, ರಾಯಚೂರು, ಬಳ್ಳಾರಿ, ಬೀದರ್ ಎಂದು ವಿಳಾಸ ಕೇಳಿದ ಕೂಡಲೇ ಅಂಗಡಿಯವನು ಮೊದಲು ಕೇಳಬೇಕಾದ ಪ್ರಶ್ನೆ, ನಿಮ್ಮ ಮನೆ ಕೆಳಗಿನ ಅಂತಸ್ತಿನದೋ ಮೇಲಿನದೋ ಎಂದು.